ನಾಯಿಗೆ ಹೇಳಿದ ಮಾತು

ನನ್ನ ಸೊಸೆ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ತಲೆ ಬಾಚಿ, ಕೈಗೆ ಗಡಿಯಾರ ಕಟ್ಟಿಕೊಂಡು ಬಟ್ಟೆಯ ಕಪಾಟಿನೊಳಗೆ ಹೋಗಿ ಕೂರುತ್ತಿದ್ದಳು. ಅದೇ ಅವಳ ಆಫೀಸು. ಮಲಗುವ ಕೋಣೆಯ ಗೋಡೆಯಲ್ಲಿ ಕಟ್ಟಿದ ಆಳೆತ್ತರದ ಕಪಾಟು. ಒಳಗಿನ ಹಲಗೆಗಳನ್ನು ಕಿತ್ತು, ಮೂರು ಕಡೆಗೂ ಕಂಬಳಿ ಹೊಡೆದು, ಒಂದು ಸ್ಟೂಲು, ಒಂದು ಸಣ್ಣ ದೀಪ, ಒಂದು ಮೈಕು ಇಟ್ಟುಕೊಂಡಿದ್ದಳು. ಅಲ್ಲಿ ಕೂತು ಹತ್ತನೇ ತರಗತಿಯ ವಿಜ್ಞಾನದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ರೆಕಾರ್ಡ್ ಮಾಡಬೇಕು. ಕಣ್ಣು ಕಾಣದ ಮಕ್ಕಳು ಅದನ್ನು ಕೇಳಿ ಪಾಠ ಕಲಿಯುತ್ತಾರೆ. ಹದಿನಾಲ್ಕು ಪಾಠ, ಆರು ವಾರ.

“ಇದೂ ಒಂದು ಕೆಲಸವೇನಮ್ಮಾ?” ಅಂತ ನಾನು ಮೊದಲ ದಿನವೇ ಕೇಳಿಬಿಟ್ಟೆ. ಕೇಳಬಾರದಿತ್ತು. ಏನು ಮಾಡಲಿ, ನನ್ನ ಬಾಯಿಗೆ ಮೊದಲಿನಿಂದಲೂ ಚಿಲಕವಿಲ್ಲ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗಿದವಳು ನಾನು. ಮೈಕಿನಲ್ಲಿ ಮಾತಾಡುವುದನ್ನು ಈ ಮನೆಯಲ್ಲಿ ಯಾರಾದರೂ ಕಲಿಸುವುದಿದ್ದರೆ ನಾನು ಕಲಿಸಬೇಕು ಅಂತ ಒಳಗೊಳಗೇ ಜಂಬ. ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲವಲ್ಲ ಅಂತ ಸಿಟ್ಟು ಬೇರೆ.

ಅವಳು ಪಾಠ ಹೇಳುತ್ತಿದ್ದ ಶಾಲೆ ಮುಚ್ಚಿ ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳು ಅವಳು ಹೇಗಿದ್ದಳು ಅಂತ ನನ್ನ ಕಣ್ಣಾರೆ ನೋಡಿದ್ದೇನೆ. ಹಾಕಿದ ಬಟ್ಟೆಯಲ್ಲೇ ಮೂರು ದಿನ. ಊಟಕ್ಕೆ ಬಾ ಅಂದರೆ ಬಂದಳು, ಏಳು ಅಂದರೆ ಎದ್ದಳು. ಪೇಪರು ಮಡಿಸಿದ್ದು ಮಡಿಸಿದ ಹಾಗೇ ಬಿದ್ದಿರುತ್ತಿತ್ತು. ಈ ಪುಸ್ತಕ ಮನೆಗೆ ಬಂದ ಮಾರನೆಯ ದಿನ ಅವಳು ಇಸ್ತ್ರಿಪೆಟ್ಟಿಗೆ ಎಲ್ಲಿದೆ ಅಂತ ಕೇಳಿದಳು. ಅದನ್ನು ಕೇಳಿದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಳ್ಳುವುದು ಅಂದರೆ ಸುಮ್ಮನೆ ಹೇಳಿದ ಮಾತಲ್ಲ. ಕೋಣೆಯ ಬಾಗಿಲಿಗೆ ಕೆಂಪು ಟವೆಲು ಬಿತ್ತೆಂದರೆ ಮನೆಯಲ್ಲಿ ಫ್ಯಾನಿಲ್ಲ, ನಲ್ಲಿಯಿಲ್ಲ, ಕುಕ್ಕರ್ ಇಲ್ಲ, ಮಾತಿಲ್ಲ. ಬೆಳಿಗ್ಗೆ ಹತ್ತರಿಂದ ಒಂದು, ಊಟವಾದ ಮೇಲೆ ಎರಡರಿಂದ ನಾಲ್ಕು. ಒಂಬತ್ತೂವರೆಯೊಳಗೆ ಅಡುಗೆ ಮುಗಿಸಬೇಕು, ಮಧ್ಯಾಹ್ನ ತಣ್ಣಗಾದದ್ದನ್ನೇ ಉಣ್ಣಬೇಕು. ನಮ್ಮ ಯಜಮಾನರು ರಿಟೈರಾದ ಕಾಂಪೌಂಡರು, ಸಕ್ಕರೆ ಕಾಯಿಲೆಯವರು. ಅವರ ಸಂಕಟವೇ ಬೇರೆ.

“ಫ್ಲಶ್ ಕೂಡ ಮಾಡಬಾರದು ಅಂದ್ರೆ ಹೇಗೆ? ನನ್ನ ವಯಸ್ಸಿನವರು ಏನು ಮಾಡ್ಬೇಕು?”

“ಒಂದು ಗಂಟೆಗೆ ಮಾಡಿ,” ಅಂದೆ ನಾನು.

“ಅದು ನನ್ನ ಮಾತು ಕೇಳಲ್ಲ ಕಣೇ.”

ರಾತ್ರಿ ಓದು ಅಂದ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು, ಎಲ್ಲದಕ್ಕೂ ಅವನ ಹತ್ತಿರ ಒಂದು ಉತ್ತರವಿರುತ್ತದೆ. ಆದರೆ ಹಿಂದಿನ ಬೀದಿಯ ಬೇಕರಿಯಲ್ಲಿ ಸಂಜೆ ಏಳಕ್ಕೆ ಹಿಟ್ಟು ಕಲಸುವ ಯಂತ್ರ ಶುರುವಾದರೆ ಬೆಳಗಿನ ಜಾವದವರೆಗೆ ನಮ್ಮ ಗೋಡೆ ಗುಂಯ್‌ಗುಡುತ್ತದೆ. ಹಾಗಾಗಿ ಹಗಲೇ ಗತಿ.

ಮೊದಲ ಪಾಠ ಕಳಿಸಿದ ನಾಲ್ಕನೇ ದಿನಕ್ಕೆ ರೆಕಾರ್ಡಿಂಗ್ ಕೇಂದ್ರದಿಂದ ಫೋನು ಬಂತು. ಅಲ್ಲಿ ಎಲ್ಲವನ್ನೂ ಕೇಳಿ ಒಪ್ಪುವವರು ಒಬ್ಬರು ಪರೀಕ್ಷಕರು. ಅವರಿಗೂ ಕಣ್ಣು ಕಾಣುವುದಿಲ್ಲ, ಕಿವಿ ಮಾತ್ರ ಬಲು ಚುರುಕು.

“ಮೇಡಂ, ಓದು ಚೆನ್ನಾಗಿದೆ. ಆದ್ರೆ ಬೇರು ನೀರು ಹೀರೋ ಜಾಗದಲ್ಲಿ ನಾಯಿ ಎರಡು ಸಲ ಬೊಗಳಿದೆ. ಮಕ್ಕಳಿಗೆ ನಾಯಿ ನೆನಪಿರುತ್ತೆ, ಬೇರು ಮರೆತುಹೋಗುತ್ತೆ. ಇಡೀ ಪುಸ್ತಕ ಒಟ್ಟಿಗೆ ಕಳಿಸಿ, ಶುದ್ಧವಾಗಿರ್ಲಿ. ಇನ್ನೊಂದು ಸಲ ನಾಯಿ ಕೇಳಿಸಿದ್ರೆ ಬೇರೆಯವರಿಗೆ ಕೊಡ್ಬೇಕಾಗುತ್ತೆ. ಪರೀಕ್ಷೆ ಹತ್ತಿರ ಬಂತು, ನಮ್ಗೂ ದಾರಿಯಿಲ್ಲ.”

ನಾಯಿ ಪಕ್ಕದ ಮನೆಯ ನರ್ಸಮ್ಮನದು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು. ಮೆಟ್ಟಿಲ ಮೇಲೆ ಕೂತು ಬೀದಿಯನ್ನೆಲ್ಲ ತನಿಖೆ ಮಾಡುತ್ತಿತ್ತು, ಹಾಗಾಗಿ ನಾವು ಅದಕ್ಕೆ ‘ಸಾಹೇಬ’ ಅಂತಿದ್ದೆವು. ನರ್ಸಮ್ಮ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೋದರೆ ಬರುವುದು ಐದಕ್ಕೆ. ಅಷ್ಟು ಹೊತ್ತೂ ಸಾಹೇಬ ಅವರ ಅಂಗಳದಲ್ಲಿ ಒಬ್ಬನೇ. ನಮ್ಮ ಅಡುಗೆಮನೆಯ ಕಿಟಕಿ ಆ ಅಂಗಳಕ್ಕೇ ತೆರೆಯುತ್ತದೆ.

ಅವತ್ತು ಸಂಜೆಯೇ ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ಮೆತ್ತಗೆ ಮಾತಾಡಬೇಕು ಅಂತಲೇ ಹೋಗಿದ್ದೆ. ನನ್ನ ಮೆತ್ತಗೆ ಅಂದರೆ ನಾಲ್ಕು ಮನೆಗೆ ಕೇಳಿಸುತ್ತದೆ.

“ನೋಡಿ, ನಿಮ್ಮ ನಾಯಿ ಬೊಗಳಿ ಬೊಗಳಿ ನಮ್ಮ ಹುಡುಗಿ ಕೆಲಸ ಹೋಗೋ ಹಾಗಾಗಿದೆ. ಸ್ವಲ್ಪ ಅದಕ್ಕೆ ಬುದ್ಧಿ ಕಲಿಸಬಾರದಾ?”

ನರ್ಸಮ್ಮ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. “ಅಮ್ಮಾ, ಯಾರಾದ್ರೂ ಗೇಟ್ ಹತ್ರ ಬಂದ್ರೆ ಒಂದೆರಡು ಸಲ ಬೊಗಳ್ತಾನೆ. ನಾಯಿ ಅಂದ್ಮೇಲೆ ಅಷ್ಟೂ ಮಾಡದೆ ಇರುತ್ತಾ? ಸುಮ್ಸುಮ್ನೆ ಬೊಗಳೋನಲ್ಲ ನನ್ನ ಕಂದ. ನಾನು ರಜಾ ಇದ್ದ ದಿನ ಅವನ ದನಿ ಕೇಳಿದ್ದೀರಾ?”

“ನೀವಿದ್ದಾಗ ಹೆದರಿಕೊಂಡಿರುತ್ತೆ.”

“ನಾನು ಅವನಿಗೆ ಕೈ ಎತ್ತಿದವಳೇ ಅಲ್ಲ,” ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಲ್ಲಿಗೆ ಹನ್ನೊಂದು ವರ್ಷದ ನೆರೆಹೊರೆಯ ನಗು ನಿಂತಿತು. ಮಾರನೆಯ ದಿನ ಬೀದಿಯಲ್ಲಿ ಎದುರಾದಾಗ ಇಬ್ಬರೂ ಮುಖ ತಿರುಗಿಸಿಕೊಂಡು ನಡೆದೆವು.

ಈಗ ನನ್ನ ಕಥೆಗೆ ಬರುತ್ತೇನೆ. ಎರಡನೇ ವಾರದ ಒಂದು ದಿನ ಹನ್ನೊಂದು ಗಂಟೆಗೆ ಸಾಹೇಬ ಶುರುವಿಟ್ಟುಕೊಂಡ. ಒಳಗೆ ಸೊಸೆ ಓದುವುದನ್ನು ನಿಲ್ಲಿಸಿದಳು. ಮತ್ತೆ ಅದೇ ಸಾಲು ಓದಿದಳು, ಮತ್ತೆ ಬೊಗಳಿತು, ಮತ್ತೆ ನಿಲ್ಲಿಸಿದಳು. ನನಗೆ ತಡೆಯಲಾಗಲಿಲ್ಲ. ಒಂದು ತುಂಡು ಬ್ರೆಡ್ಡು ಹಾಲಿನಲ್ಲಿ ಅದ್ದಿ, ಕಿಟಕಿ ಚಿಲಕ ತೆಗೆದು, ಸರಳಿನ ಸಂದಿಯಿಂದ ಕೆಳಗೆ ಹಾಕಿದೆ. ಗಬಕ್ ಅಂತ ತಿಂದು ಸುಮ್ಮನಾದ! ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇಷ್ಟು ಸಣ್ಣ ವಿಷಯಕ್ಕೆ ಬೀದಿ ಜಗಳ ಮಾಡಿದೆನಲ್ಲ ಅಂದುಕೊಂಡೆ.

ಅದು ದಿನದ ರೂಢಿಯಾಯಿತು. ಬೊಗಳಿತೋ, ಬ್ರೆಡ್ಡು. ಯಾರಿಗೂ ಹೇಳಲಿಲ್ಲ, ಗೋಡೆಯ ಹತ್ತಿರ ಹೋಗಿ ದೂರು ಹೇಳಿಬಂದ ನಾಯಿಗೆ ನಾನೇ ಉಣಬಡಿಸುತ್ತಿದ್ದೇನೆ ಅಂದರೆ ಮರ್ಯಾದೆಯ ಪ್ರಶ್ನೆ. ಅದು ತಿನ್ನುವಾಗ ಕಪಾಟಿನೊಳಗಿಂದ ಸೊಸೆಯ ದನಿ ಸಣ್ಣಗೆ ಕೇಳಿಬರುತ್ತಿತ್ತು. ಹೃದಯ ಹೇಗೆ ಬಡಿಯುತ್ತದೆ ಅಂತ ಓದುತ್ತಿದ್ದಳು ಒಂದು ದಿನ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ತೆಗೆದುಕೊಂಡಳು, ಒಂದು ಅಕ್ಷರವನ್ನೂ ನುಂಗಲಿಲ್ಲ. ನಾನು ಕಿಟಕಿಗೆ ಮುಖ ಹಚ್ಚಿ ಸಾಹೇಬನ ಹತ್ತಿರ ಪಿಸುಗುಟ್ಟಿದೆ:

“ಸುಮ್ನಿರಪ್ಪಾ, ನಮ್ಮ ಸೊಸೆ ಓದ್ತಿದಾಳೆ. ಮೂವತ್ತೊಂದು ವರ್ಷ ಮೈಕ್ ಮುಂದೆ ಕೂತವಳು ಹೇಳ್ತೀನಿ ಕೇಳು, ಅಂಥ ಗಂಟಲು ನನಗೂ ಇರ್ಲಿಲ್ಲ. ಅವಳಿಗೆ ಹೇಳ್ಬೇಡ ಮತ್ತೆ, ತಲೆ ಮೇಲೆ ಕೂರ್ತಾಳೆ.”

ಸಾಹೇಬ ಬಾಲ ಅಲ್ಲಾಡಿಸಿದ.

ಆದರೆ ಬೊಗಳುವುದು ಕಡಿಮೆಯಾಗಲಿಲ್ಲ, ಹೆಚ್ಚಿತು. ಮೊದಲು ಯಾರಾದರೂ ಬಂದರೆ ಎರಡು ಸಲ. ಆಮೇಲೆ ಯಾರೂ ಬರದಿದ್ದರೂ ಗಂಟೆಗೊಂದು ಸಲ. ಮೂರನೇ ವಾರದ ಹೊತ್ತಿಗೆ ಅರ್ಧ ಗಂಟೆಗೊಂದು ಸಲ, ಅದೂ ನಮ್ಮ ಮನೆಯ ಕಡೆಗೇ ಮುಖ ಮಾಡಿಕೊಂಡು, ಶುರುವಾದರೆ ಕಾಲು ಗಂಟೆ ಬಿಡದೆ. ಮೂರು ತಾಸು ಓದಿದರೆ ಇಪ್ಪತ್ತು ನಿಮಿಷ ಉಳಿಯುತ್ತಿತ್ತು. ಮಿಕ್ಕದ್ದೆಲ್ಲ ಕತ್ತರಿಸಿ ಬಿಸಾಡಬೇಕು. ಅವಳ ಗಂಟಲು ಗೊರಗೊರ ಅನ್ನತೊಡಗಿತು.

ಇಷ್ಟರ ನಡುವೆ ಮನೆಯಲ್ಲಿ ತಿನ್ನುವ ಸಾಮಾನು ಮಾಯವಾಗತೊಡಗಿತು. ಬ್ರೆಡ್ಡಿನ ಲೆಕ್ಕ ನನಗೆ ಗೊತ್ತಿತ್ತು. ಆದರೆ ಬಿಸ್ಕತ್ತಿನ ಡಬ್ಬ? ಬೇಯಿಸಿಟ್ಟ ಮೊಟ್ಟೆ?

“ನಾಲ್ಕು ಮೊಟ್ಟೆ ಬೇಯಿಸಿದ್ದೆ, ಮೂರೇ ಇದೆ.”

“ನೀನೇ ಮೂರು ಬೇಯಿಸಿರ್ತೀಯಮ್ಮ,” ಅಂದ ಮಗ, ಶೂ ಲೇಸು ಕಟ್ಟುತ್ತಾ.

“ನನಗೆ ಎಣಿಸೋಕೆ ಬರಲ್ವಾ? ಮತ್ತೆ ಈ ಡಬ್ಬದಲ್ಲಿ ಮೊನ್ನೆ ತಾನೇ ತುಂಬಿಸಿದ್ದೆ. ರೀ, ನಿಜ ಹೇಳಿ. ಬಿಸ್ಕತ್ತು ತಿಂದಿದ್ದು ನೀವೇ ತಾನೇ?”

ಯಜಮಾನರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

“ಸಕ್ಕರೆ ಎಷ್ಟಿದೆ ಗೊತ್ತಾ ನಿಮ್ಮ ರಕ್ತದಲ್ಲಿ? ಕಾಂಪೌಂಡರಂತೆ ಕಾಂಪೌಂಡರು! ಊರಿಗೆಲ್ಲ ಗುಳಿಗೆ ಕೊಟ್ಟು ಬುದ್ಧಿ ಹೇಳಿ, ತಾವು ಕದ್ದು ತಿನ್ನೋದಾ?”

“ತಪ್ಪಾಯ್ತು ಬಿಡು,” ಅಂದುಬಿಟ್ಟರು. ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಆ ಮನುಷ್ಯ ಜಗಳವಿಲ್ಲದೆ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಪಾಠದಲ್ಲಿ ಚಿತ್ರ ಬಂದರೆ ಸೊಸೆಗೆ ಇನ್ನೊಂದು ಕೆಲಸ. ಚಿತ್ರವನ್ನು ಮಾತಿನಲ್ಲೇ ಬಿಡಿಸಬೇಕು. ಅದನ್ನು ಬರೆದು, ಸಂಜೆ ಊಟದ ಮೇಜಿನ ಹತ್ತಿರ ಎಲ್ಲರನ್ನೂ ಕಣ್ಣು ಮುಚ್ಚಿ ಕೂರಿಸಿ ಓದುತ್ತಿದ್ದಳು. ನಮಗೆ ಅರ್ಥವಾದರೆ ಮಕ್ಕಳಿಗೂ ಅರ್ಥವಾಗುತ್ತದೆ ಅಂತ. ಹೃದಯದ ಚಿತ್ರ ಕೇಳಿ ಯಜಮಾನರು, “ನಾಲ್ಕು ಕೋಣೆ, ಮಧ್ಯೆ ಗೋಡೆ, ಬಾಗಿಲು ಒಂದೇ ಕಡೆ ತೆರೆಯುತ್ತೆ. ನಮ್ಮ ಮನೆಗಿಂತ ಚೆನ್ನಾಗಿ ಕಟ್ಟಿದಾರೆ,” ಅಂದಿದ್ದರು. ಅವಳು ನಕ್ಕಿದ್ದಳು. ಮೂರನೇ ವಾರದ ಕೊನೆಗೆ ಆ ಆಟವೂ ನಿಂತಿತು.

ನಾಲ್ಕನೇ ವಾರದ ನಡುವೆ ಒಂದು ದಿನ ಅವಳು ಹಳೆಯ ನೈಟಿಯಲ್ಲೇ ಅಡುಗೆಮನೆಗೆ ಬಂದಳು. ಕೈಯಲ್ಲಿ ಗಡಿಯಾರ ಇರಲಿಲ್ಲ.

“ಯಾಕೆ, ಇವತ್ತು ಓದಲ್ವಾ?”

“ಹದಿನಾಲ್ಕರಲ್ಲಿ ಐದು ಆಗಿದೆ ಅತ್ತೆ. ಇನ್ನೆರಡು ವಾರದಲ್ಲಿ ಒಂಬತ್ತು ಆಗಲ್ಲ. ಪುಸ್ತಕ ವಾಪಸ್ ಕಳಿಸ್ತೀನಿ. ಕಾಯಿಸಿ ಕೈ ಕೊಡೋದಕ್ಕಿಂತ ಈಗಲೇ ಹೇಳೋದು ವಾಸಿ.”

“ಹಂಗಂದ್ರೆ ಹೇಗಮ್ಮಾ…”

“ಮತ್ತೇನು ಮಾಡ್ಲಿ? ಆ ನಾಯಿ ಬಾಯಿ ಹೊಲೀಲಾ?”

ನಾನು ಒಂದು ಲೋಟ ಬಿಸಿನೀರು ಅವಳ ಮುಂದಿಟ್ಟೆ. ಅವಳು ಅದನ್ನು ಕುಡಿದು, ಐದನೇ ಪಾಠದ ಬೊಗಳುಗಳನ್ನಾದರೂ ಕತ್ತರಿಸಿ ಮುಗಿಸುತ್ತೇನೆ, ಅರ್ಧಂಬರ್ಧ ವಾಪಸ್ ಕೊಡುವುದಿಲ್ಲ ಅಂತ ಹೇಳಿ ಒಳಗೆ ಹೋದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಂಜೆಯವರೆಗೆ ಕೂತಿದ್ದಳು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ಎರಡು ಸಲ ಬಾಗಿಲಲ್ಲಿ ಇಣುಕಿದೆ. ಒಂದು ಸಲ ಹುಬ್ಬು ಗಂಟು ಹಾಕಿಕೊಂಡಿದ್ದಳು. ಎರಡನೇ ಸಲ ನೋಡಿದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಅಳುತ್ತಿದ್ದಾಳೋ ಏನೋ ಅಂತ ನಾನು ಸದ್ದಿಲ್ಲದೆ ಹಿಂದೆ ಬಂದೆ.

ಅವತ್ತು ಸಂಜೆ ಎಲ್ಲರೂ ಮೇಜಿನ ಸುತ್ತ ಕೂತೆವು. ಯಜಮಾನರು, ಮಗ, ನಾಲ್ಕನೇ ಕ್ಲಾಸಿನ ಮೊಮ್ಮಗಳು ಪುಟ್ಟಿ, ನಾನು. ಸೊಸೆ ಒಂದು ಸಣ್ಣ ಸ್ಪೀಕರ್ ತಂದು ತಟ್ಟೆಗಳ ನಡುವೆ ಇಟ್ಟಳು.

“ಎಲ್ಲರೂ ಕಣ್ಣು ಮುಚ್ಚಿ. ಒಂದು ಚಿತ್ರ ಇದೆ, ಅರ್ಥ ಆಗುತ್ತಾ ಹೇಳಿ.”

ಸದ್ಯ, ಮತ್ತೆ ಶುರು ಮಾಡಿದಳಲ್ಲ ಅಂತ ನಾವು ಖುಷಿಯಿಂದ ಕಣ್ಣು ಮುಚ್ಚಿದೆವು.

ಮೊದಲು ಕೇಳಿಸಿದ್ದು ಬೊಗಳು. ಭೌ, ಭೌ. ಆಮೇಲೆ ಗೇಟಿನ ಕಿರ್ರ್. ಆಮೇಲೆ ಮಗನ ದನಿ, ಸಣ್ಣಗೆ: “ತಗೋ ಗುರು, ಫುಲ್ ಮೊಟ್ಟೆ. ಸಾಯಂಕಾಲದವರೆಗೆ ಬಾಯ್ ಮುಚ್ಕೊಂಡಿರ್ಬೇಕು, ಆಯ್ತಾ?” ನಾಯಿ ಗಪ್‌ಚಿಪ್.

ನಾನು ಕಣ್ಣು ಬಿಟ್ಟೆ. ಮಗನ ಕಿವಿ ಕೆಂಪಗಾಗಿತ್ತು.

“ಕಣ್ಣು ಮುಚ್ಚಿ ಅತ್ತೆ, ಇನ್ನೂ ಇದೆ.”

ಭೌ, ಭೌ. ತಾರಸಿ ಬಾಗಿಲಿನ ಸದ್ದು. ಟಿನ್ನಿನ ಮುಚ್ಚಳ ಟಪ್. ಯಜಮಾನರ ದನಿ: “ನಿನಗೊಂದು… ನನಗೊಂದು. ನಿನಗೊಂದು… ನನಗೊಂದು.” ಕರುಂ ಕುರುಂ ಅಂತ ಎರಡು ಕಡೆಯಿಂದಲೂ ಅಗಿಯುವ ಸದ್ದು.

“ರೀ!” ಅಂದೆ.

“ತಪ್ಪಾಯ್ತು ಅಂತ ಆವತ್ತೇ ಹೇಳಿದ್ನಲ್ಲ,” ಅಂದರು ಕಣ್ಣು ಮುಚ್ಚಿಕೊಂಡೇ.

ಭೌ. ಗೋಡೆಯ ಮೂಲೆಯ ನೀರು ಹೋಗುವ ಕಿಂಡಿಯ ಹತ್ತಿರ ಪುಟ್ಟಿಯ ದನಿ: “ಕ್ಯಾರೆಟ್ ಎಲ್ಲಾ ತಿಂದ್ಬಿಡು. ಬೀನ್ಸೂ ತಿನ್ನು. ಅಮ್ಮಂಗೆ ಡಬ್ಬಿ ಖಾಲಿ ತೋರಿಸ್ಬೇಕು.”

ಮಗ ಪಕಪಕ ನಕ್ಕ. “ನೀನು ಅಮ್ಮನ ಓದಿಗೋಸ್ಕರ ಅಲ್ಲ, ನಿನಗೋಸ್ಕರ ಹಾಕಿದ್ದು!”

“ಇಬ್ಬರಿಗೂ,” ಅಂದಳು ಪುಟ್ಟಿ.

ನಾನು ನಗಲಿಲ್ಲ. ಮುಂದೆ ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು. ಭೌ, ಭೌ, ಭೌ. ಅಡುಗೆಮನೆಯ ಕಿಟಕಿ ಚಿಲಕ ಟಕ್. ಪಿಸುದನಿಯಂತೆ! ಅಷ್ಟು ಸ್ಪಷ್ಟವಾಗಿ ನಾನು ಬಸ್ಸು ಕೂಡ ಕೂಗಿರಲಿಲ್ಲ. “ಸುಮ್ನಿರಪ್ಪಾ, ನಮ್ಮ ಸೊಸೆ ಓದ್ತಿದಾಳೆ. ಮೂವತ್ತೊಂದು ವರ್ಷ—”

ಸೊಸೆ ಅಲ್ಲಿಗೆ ಗುಂಡಿ ಒತ್ತಿ ನಿಲ್ಲಿಸಿದಳು. “ಇಷ್ಟು ಸಾಕು.”

ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಪೂರ್ತಿ ಕೇಳಿದ್ದಾಳೆ. ಅದು ಅವಳ ಕಣ್ಣಲ್ಲೇ ಇತ್ತು. ನನಗೆ ನಾಚಿಕೆಯಿಂದ ಎಲ್ಲಿ ನೋಡಬೇಕೋ ತಿಳಿಯದೆ ಸುಮ್ಮನೆ ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ.

“ಅರ್ಥ ಆಯ್ತಾ ಚಿತ್ರ?” ಅಂದಳು. “ಇಷ್ಟು ದಿನ ಬೊಗಳು ಬಂದ ಕೂಡಲೇ ಕೇಳದೆ ಕತ್ತರಿಸಿ ಬಿಸಾಡ್ತಿದ್ದೆ, ಇವತ್ತು ಪೂರ್ತಿ ಕೇಳಿದೆ. ನಾಲ್ಕು ಜನ, ನಾಲ್ಕು ಕಡೆಯಿಂದ, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ. ಅದು ಪಾಪ ಏನು ಕಲೀತು? ಬೊಗಳಿದ್ರೆ ಈ ಮನೆಯವರು ತಿಂಡಿ ಹಾಕ್ತಾರೆ ಅಂತ. ಹತ್ತೂವರೆಗೆ ಮೊಟ್ಟೆ, ಹನ್ನೊಂದಕ್ಕೆ ಬ್ರೆಡ್ಡು, ಹನ್ನೆರಡಕ್ಕೆ ಬಿಸ್ಕತ್ತು, ಮೂರೂವರೆಗೆ ಕ್ಯಾರೆಟ್. ನರ್ಸಮ್ಮನ ರಜಾ ದಿನ ಯಾಕೆ ಬೊಗಳಲ್ಲ ಅಂದ್ರೆ ಅವತ್ತು ನೀವ್ಯಾರೂ ಹಾಕೋ ಧೈರ್ಯ ಮಾಡಲ್ಲ.”

ನಾವು ಮನೆಮಂದಿಯೆಲ್ಲ ಸೇರಿ ಬೆಪ್ಪುತಕ್ಕಡಿಗಳಾಗಿದ್ದೆವು. ಮೊದಲು ನಕ್ಕವಳು ಅವಳೇ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಜಮಾನರಿಗೆ ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು.

ನಗು ನಿಂತ ಮೇಲೆ ನಾನೇ ಎದ್ದೆ. ಮಾಡಿದ ಜಗಳ ನನ್ನದು, ಹೋಗಬೇಕಾದವಳೂ ನಾನೇ. ನರ್ಸಮ್ಮ ಬಾಗಿಲು ತೆರೆದು, ಏನು ಅನ್ನುವಂತೆ ನೋಡಿದರು.

“ತಪ್ಪು ನಮ್ಮದು,” ಅಂದೆ. “ನಿಮ್ಮ ಕಂದನನ್ನು ಕೆಡಿಸಿದ್ದು ನಾವೇ.” ಎಲ್ಲವನ್ನೂ ಹೇಳಿದೆ. ಬಿಸ್ಕತ್ತಿನ ವಿಷಯ ಕೂಡ.

ನರ್ಸಮ್ಮ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ನಗತೊಡಗಿದರು. “ಅದಕ್ಕೇ! ಸಂಜೆ ಅನ್ನ ಇಟ್ಟರೆ ಮೂಸಿ ನೋಡಿ ಹೋಗ್ತಾನೆ. ಕುತ್ತಿಗೆ ಪಟ್ಟಿ ಬಿಗಿಯಾಯ್ತು ಅಂತ ಎರಡು ತೂತು ಸಡಿಲ ಮಾಡಿದೀನಿ. ಕಾಯಿಲೆ ಅಂತ ಡಾಕ್ಟರ ಹತ್ರ ಕರ್ಕೊಂಡು ಹೋಗೋದ್ರಲ್ಲಿದ್ದೆ.” ನಕ್ಕು ಮುಗಿಸಿ ಕಣ್ಣೊರೆಸಿಕೊಂಡರು. “ಸರಿ, ಕೇಳಿ. ಬೊಗಳಿದಾಗ ಯಾರೂ ಏನೂ ಕೊಡ್ಬೇಡಿ, ಕಿಟಕೀಲಿ ಮುಖ ಕೂಡ ತೋರಿಸ್ಬೇಡಿ. ಸುಮ್ನಿದ್ದಾಗ ಮಾತ್ರ ಕೊಡಿ, ಒಬ್ಬರೇ ಕೊಡಿ. ಮೊದಲ ಮೂರು ದಿನ ಜಾಸ್ತಿ ಮಾಡ್ತಾನೆ, ಬರೋದು ನಿಂತುಹೋಯ್ತಲ್ಲ ಅಂತ. ಸೋಲ್ಬೇಡಿ.”

“ನಾನು ಸೋಲೋದಾ?” ಅಂದೆ.

ಸೋಲುವುದರಲ್ಲಿದ್ದೆ. ಏನು ಹೇಳಲಿ ಆ ಮೂರು ದಿನದ ಪಾಡು! ಕೆಂಪು ಟವೆಲನ್ನು ಅಡುಗೆಮನೆಯ ಕಿಟಕಿಗೆ ನೇತುಹಾಕಿದೆವು. ಅದು ಇರುವವರೆಗೆ ಸಾಹೇಬನಿಗೆ ಏನೂ ಇಲ್ಲ, ಅದು ಕೆಳಗಿಳಿದರೆ ಸೊಸೆಯ ಕೈಯಿಂದ ತಿಂಡಿ. ಮೊದಲ ದಿನ ಹತ್ತೂವರೆಗೆ ಮಗ ಸ್ಕೂಟರನ್ನು ತಲೆ ತಗ್ಗಿಸಿಕೊಂಡು ತಳ್ಳಿಕೊಂಡು ಹೋದ. ಸಾಹೇಬ ಗೇಟಿನವರೆಗೆ ಓಡಿ ಬೈದ. ಯಜಮಾನರು ತಾರಸಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಕೈಗೆ ಕೊಟ್ಟರು. “ನನ್ನ ಮೇಲೆ ನನಗೆ ನಂಬಿಕೆ ಇಲ್ಲ,” ಅಂದರು. ಎರಡನೇ ದಿನ ಒಂದೇ ಸಮ ನಲವತ್ತು ನಿಮಿಷ ಬೊಗಳಿದ. ಎದುರು ಮನೆಯವರು ಹೊರಗೆ ಬಂದು, “ಏನಾಗಿದೆ ಅದಕ್ಕೆ?” ಅಂತ ಕೂಗಿದರು. ಸೊಸೆ ಮೂರು ದಿನ ಮೈಕನ್ನೇ ಹಚ್ಚಲಿಲ್ಲ. ಕೈಯಲ್ಲಿ ಗಡಿಯಾರ ಕಟ್ಟಿಕೊಂಡು, ಎಷ್ಟು ಹೊತ್ತು ಬೊಗಳಿದ, ಎಷ್ಟು ಹೊತ್ತು ಬಿಟ್ಟ ಅಂತ ನೋಡುತ್ತಾ ಕೂತಿದ್ದಳು. ಗಡಿಯಾರ ಮತ್ತೆ ಕೈಗೆ ಬಂತಲ್ಲ ಅಂತ ನನಗೆ ಅಷ್ಟೇ ಸಮಾಧಾನ.

ಮೂರನೇ ದಿನ ಹನ್ನೊಂದೂವರೆಗೆ ನನ್ನ ತಾಳ್ಮೆ ಮುರಿಯಿತು. ಕೈಯಲ್ಲಿ ಬ್ರೆಡ್ಡು ಯಾವಾಗ ಬಂತೋ, ಚಿಲಕಕ್ಕೆ ಕೈ ಯಾವಾಗ ಹೋಯಿತೋ ತಿಳಿಯಲಿಲ್ಲ. ಸೊಸೆ ಹಿಂದಿನಿಂದ ಬಂದು ಮಣಿಕಟ್ಟು ಹಿಡಿದಳು.

“ಬೇಡ ಅತ್ತೆ.”

“ದಿನ ಹೋಗ್ತಿದೆ ಕಣೇ! ಇನ್ನು ಹನ್ನೊಂದೇ ದಿನ. ಒಂದು ತುಂಡು ಹಾಕಿದ್ರೆ ಸುಮ್ನಾಗ್ತಾನೆ, ನೀನು ಓದ್ಕೋಬಹುದು.”

“ಈಗ ಹಾಕಿದ್ರೆ ಮೂರು ದಿನ ಬೊಗಳಿದ್ದಕ್ಕೆ ಬಹುಮಾನ ಕೊಟ್ಟ ಹಾಗೆ. ನಾಳೆಯಿಂದ ಆರು ದಿನ ಬೊಗಳ್ತಾನೆ.”

ಇಬ್ಬರೂ ಹಾಗೇ ನಿಂತೆವು, ಅವಳ ಕೈಯಲ್ಲಿ ನನ್ನ ಕೈ, ನನ್ನ ಕೈಯಲ್ಲಿ ಬ್ರೆಡ್ಡು. ಹಾಲು ತೊಟ್ಟಿಕ್ಕಿ ನನ್ನ ಕಾಲ ಮೇಲೆ ಬೀಳುತ್ತಿತ್ತು. ಸಾಹೇಬ ಇನ್ನೂ ಆರೇಳು ಸಲ ಬೊಗಳಿದ. ಆಮೇಲೆ ನಾಲ್ಕು. ಆಮೇಲೆ ಒಂದು, ಅದೂ ಆಕಳಿಸಿದ ಹಾಗೆ. ಆಮೇಲೆ ಇಲ್ಲ.

ಅವಳು ಗಡಿಯಾರ ನೋಡಿದಳು. ಐದು ನಿಮಿಷ. ಹತ್ತು ನಿಮಿಷ. ಟವೆಲು ಇಳಿಸಿ, ನನ್ನ ಕೈಯಲ್ಲಿದ್ದ ಬ್ರೆಡ್ಡನ್ನು ತೆಗೆದುಕೊಂಡು ಹೊರಗೆ ಹೋಗಿ ಗೋಡೆಯ ಮೇಲಿನಿಂದ ಕೊಟ್ಟಳು. “ಜಾಣ ನೀನು, ಜಾಣ,” ಅನ್ನುತ್ತಿದ್ದಳು. ನಾನು ಒಳಗೆ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡೆ.

ಆಮೇಲೆ ಬಂದದ್ದು ನಮ್ಮ ಕಾಲ. ಮಾರನೆಯ ದಿನ ಸಾಹೇಬ ಇಪ್ಪತ್ತು ನಿಮಿಷ ಸುಮ್ಮನಿದ್ದ, ಅದರ ಮಾರನೆಯ ದಿನ ಒಂದು ಗಂಟೆ. ಆ ವಾರದ ಕೊನೆಗೆ ಕೆಂಪು ಟವೆಲು ಮೇಲೇರಿದ ಕೂಡಲೇ ಕಿಟಕಿಯ ಕೆಳಗೆ ಬಂದು, ಮುಂಗಾಲು ಚಾಚಿ ಮಲಗಿ, ಟವೆಲನ್ನೇ ನೋಡುತ್ತಿರುತ್ತಿದ್ದ. ಅಂಚೆಯವನು ಬಂದರೂ ಗುರ್ ಅನ್ನಲಿಲ್ಲ, ಅಂಚೆಯವನೇ ಗಾಬರಿಯಾಗಿ, “ಹುಷಾರಿಲ್ವಾ ಇದಕ್ಕೆ?” ಅಂತ ಕೇಳಿದ. ಸೊಸೆ ಒಂದು ದಿನಕ್ಕೆ ಒಂದು ಪಾಠದಂತೆ ಓದಿದಳು. ನಾನು ಬೆಳಿಗ್ಗೆ ಮೊದಲ ಕೆಲಸವಾಗಿ ಅವಳ ಬಟ್ಟೆ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಡುತ್ತಿದ್ದೆ. ಮಗ ಮಧ್ಯಾಹ್ನ ಮನೆಗೆ ಬಂದಾಗ ಸ್ಕೂಟರನ್ನು ಬೀದಿಯ ಮೂಲೆಯಲ್ಲೇ ಆಫ್ ಮಾಡಿ ತಳ್ಳಿಕೊಂಡು ಬರುತ್ತಿದ್ದ. ಪುಟ್ಟಿ ಕ್ಯಾರೆಟ್ ತಾನೇ ತಿನ್ನಬೇಕಾಗಿ ಬಂದದ್ದಕ್ಕೆ ಮುಖ ಊದಿಸಿಕೊಂಡಿದ್ದಳು.

ಕೊನೆಯ ದಿನ, ಕೊನೆಯ ಪಾಠ. ಸಂಜೆ ಆರರೊಳಗೆ ಎಲ್ಲ ಕಳಿಸಬೇಕು. ನರ್ಸಮ್ಮನಿಗೆ ಅವತ್ತು ರಜೆ. ನಾನು ಅಡುಗೆಮನೆಯ ಕಿಟಕಿಯಲ್ಲಿ ಟವೆಲಿನ ಮರೆಗೆ ನಿಂತಿದ್ದೆ, ಅವರು ತಮ್ಮ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದರು. ಮೂರೂವರೆಯ ಹೊತ್ತಿಗೆ ಎಲ್ಲಿಂದಲೋ ಒಂದು ಬೂದು ಬೆಕ್ಕು ನಮ್ಮಿಬ್ಬರ ಮಧ್ಯದ ಗೋಡೆಯ ಮೇಲೆ ಹತ್ತಿ, ತನ್ನಪ್ಪನ ಮನೆಯ ಹಾಗೆ ಕಾಲು ನೆಕ್ಕುತ್ತಾ ಕೂತಿತು. ಸಾಹೇಬ ಎದ್ದ. ಬೆನ್ನ ಮೇಲಿನ ಕೂದಲು ನಿಮಿರಿತು. ಗಂಟಲಲ್ಲಿ ಗುರುಗುರು ಶುರುವಾಯಿತು.

ಬೆಕ್ಕನ್ನು ಹುಶ್ ಅನ್ನುವಂತಿಲ್ಲ, ಕೈ ಚಪ್ಪಾಳೆ ತಟ್ಟುವಂತಿಲ್ಲ. ಒಳಗೆ ಅವಳ ದನಿ ಕೊನೆಯ ಪುಟದಲ್ಲಿ ನಡೆಯುತ್ತಿತ್ತು. ನರ್ಸಮ್ಮ ಲೋಟ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತ್ತು. ಸಾಹೇಬ ಬೆಕ್ಕನ್ನು ನೋಡಿದ. ತಿರುಗಿ ಕೆಂಪು ಟವೆಲನ್ನು ನೋಡಿದ. ಮತ್ತೆ ಬೆಕ್ಕನ್ನು ನೋಡಿದ. ಆಮೇಲೆ ಅಷ್ಟು ದೊಡ್ಡ ಪ್ರಾಣಿ ಉಗುಳು ನುಂಗಿಕೊಂಡು ಕೂತುಬಿಟ್ಟಿತು. ಬೆಕ್ಕು ಬೇಸರವಾಗಿ ಎದ್ದು ಹೋಯಿತು. ನಾನು ಎಷ್ಟು ಹೊತ್ತಿನಿಂದಲೋ ಹಿಡಿದಿಟ್ಟಿದ್ದ ಉಸಿರು ಬಿಟ್ಟೆ.

ಕೋಣೆಯ ಬಾಗಿಲು ತೆರೆಯಿತು. ಬೆವರಿನಲ್ಲಿ ಕೂದಲು ಹಣೆಗೆ ಅಂಟಿಕೊಂಡಿತ್ತು. “ಮುಗೀತು,” ಅಂದಳು.

ಪುಟ್ಟಿ ಕಿರುಚಿದಳು. ಯಜಮಾನರು ಓಡಿಹೋಗಿ, ಮನೆಗೆಲ್ಲ ಕೇಳುವಂತೆ ಫ್ಲಶ್ ಮಾಡಿದರು. ನಾನು ಬೇಕೆಂತಲೇ ಖಾಲಿ ಪಾತ್ರೆಯೊಂದನ್ನು ನೆಲಕ್ಕೆ ಹಾಕಿ ಗಡಗಡ ಉರುಳಿಸಿದೆ. ಆರು ವಾರದಿಂದ ಅದೊಂದು ಆಸೆಯಿತ್ತು.

ಎಂಟು ದಿನ ಕಾದೆವು. ಒಂಬತ್ತನೇ ದಿನ ತಿಂಡಿಯ ಹೊತ್ತಿಗೆ ಫೋನು ಬಂತು. ಸೊಸೆ ಎಲ್ಲರಿಗೂ ಕೇಳಲಿ ಅಂತ ಫೋನನ್ನು ಮೇಜಿನ ಮೇಲಿಟ್ಟಳು.

“ಮೇಡಂ, ಹದಿನಾಲ್ಕೂ ಕೇಳಿದೆ,” ಅಂದರು ಪರೀಕ್ಷಕರು. “ಎಲ್ಲೂ ನಾಯಿ ಇಲ್ಲ. ಕೊನೇ ಪಾಠದ ಕೊನೇ ಪುಟದಲ್ಲಿ ಮಾತ್ರ ದೂರದಲ್ಲಿ ಯಾರೋ ಜೋರಾಗಿ ನಿಟ್ಟುಸಿರು ಬಿಟ್ಟಿದ್ದಾರೆ. ಅದನ್ನ ಹಾಗೇ ಬಿಟ್ಟಿದೀನಿ. ಪುಸ್ತಕ ಮುಗಿದಾಗ ಮಕ್ಕಳೂ ಹಾಗೇ ಬಿಡ್ತಾರೆ. ಇನ್ನೆರಡು ಪುಸ್ತಕ ಕಳಿಸ್ತಿದೀನಿ, ಒಪ್ಕೋತೀರಾ? ಇನ್ಮೇಲೆ ವಿಜ್ಞಾನ ಎಲ್ಲ ನಿಮ್ಮದೇ ದನಿ ಇರ್ಲಿ ಅಂತ ನಮ್ಮ ಆಸೆ.”

“ಒಪ್ಕೋತೀನಿ ಸರ್,” ಅಂದಳು. ಅಷ್ಟೇ ಅಂದಳು. ಫೋನು ಇಟ್ಟ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮಗ ಅವಳ ಬೆನ್ನು ಸವರಿದ. ಯಜಮಾನರು ಪುಟ್ಟಿಯನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. ಗದ್ದಲ ಕೇಳಿ ಆಚೆಯಿಂದ ನರ್ಸಮ್ಮ, “ಆಯ್ತಾ? ಪಾಸಾ?” ಅಂತ ಕೂಗಿದರು. ಸಾಹೇಬನೂ ಒಂದು ಸಲ ಬೊಗಳಿದ. ಯಾರೂ ಅದನ್ನು ಬೈಯಲಿಲ್ಲ. ಎಲ್ಲರೂ ಸಿಹಿಸುದ್ದಿ ಹೇಳಲು ಗೋಡೆಯ ಕಡೆ ಓಡಿದರು.

ಅಡುಗೆಮನೆಯಲ್ಲಿ ಸೊಸೆ, ನಾನು ಇಬ್ಬರೇ ಉಳಿದೆವು. ಅವಳು ಡಬ್ಬದಿಂದ ಬಿಸ್ಕತ್ತು ತೆಗೆಯುತ್ತಿದ್ದಳು, ಸಾಹೇಬನ ಪಾಲಿನದು. ನಾನು ಸಿಂಕಿನ ಕಡೆ ತಿರುಗಿ ನಿಂತಿದ್ದೆ. ಹೇಳಬೇಕಾದ ಮಾತು ಕಿಟಕಿಯ ಕಡೆಗೇ ಹೋಗಲು ನೋಡುತ್ತಿತ್ತು. ಕಿಟಕಿಗಲ್ಲ, ಅವಳ ಕಡೆಗೆ ತಿರುಗಿದೆ.

“ಅವತ್ತು ನೀನು ಅರ್ಧಕ್ಕೆ ನಿಲ್ಲಿಸಿದೆಯಲ್ಲ, ಆ ಮಾತು. ಮಿಕ್ಕದ್ದನ್ನ ಈಗ ಹೇಳ್ತೀನಿ. ನೀನು ತುಂಬ ಚೆನ್ನಾಗಿ ಓದ್ತೀಯ. ಅಂಥ ಗಂಟಲು ನನಗೂ ಇರ್ಲಿಲ್ಲ. ನಾಯಿಗೆ ಹೇಳಿದ್ದನ್ನ ನಿನಗೆ ಮೊದಲೇ ಹೇಳ್ಬೇಕಿತ್ತು.”

ಅವಳು ಬಿಸ್ಕತ್ತು ಹಿಡಿದುಕೊಂಡು ಹಾಗೇ ನಿಂತಳು. ಕಣ್ಣು ತುಂಬಿತ್ತು, ಬಾಯಿಯಲ್ಲಿ ನಗು. ಬಿಸ್ಕತ್ತನ್ನು ಎರಡು ಮಾಡಿ, ಒಂದು ಅರ್ಧವನ್ನು ನನ್ನ ಕೈಗೆ ಇಟ್ಟಳು.

“ಬಾಯಿ ಮುಚ್ಕೊಂಡಿದ್ದಕ್ಕೆ ಅವನಿಗರ್ಧ,” ಅಂದಳು. “ಬಾಯಿ ಬಿಟ್ಟಿದ್ದಕ್ಕೆ ನಿಮಗರ್ಧ.”

ನಾನು ಅಲ್ಲೇ ನಿಂತು ಅದನ್ನು ತಿಂದೆ.